ಪದ ಬೇಕಿತ್ತು: ‘ಪ್ರೀ-ಓನ್ಡ್’ಗೆ ಬೋರ್ಡಿನಲ್ಲಿ ಏನು ಬರೆಸಲಿ?

ಜಯನಗರದಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಬೋರ್ಡ್ ಬರೆಯುವವರು ಗುರುವಾರ ಬೆಳಿಗ್ಗೆ ಬರುತ್ತಾರೆ.

ನಾನು ಮಾರುವುದು ಬೇರೆಯವರು ಬಳಸಿ ಬಿಟ್ಟ ಡಿಸೈನರ್ ಮಾಲು. ಲೂಯಿ ವಿಟಾನ್, ಗುಚ್ಚಿ ಬ್ಯಾಗುಗಳು, ಸಬ್ಯಸಾಚಿ ಲೆಹೆಂಗಾ, ಶೂ, ಬೆಲ್ಟು. ಇಷ್ಟು ದಿನ ಎಲ್ಲ ಆನ್‌ಲೈನ್‌ನಲ್ಲೇ ನಡೆಯುತ್ತಿತ್ತು, ವಿವರ ಇಂಗ್ಲಿಷಿನಲ್ಲೇ ಹಾಕುತ್ತಿದ್ದೆ. ಈಗ ಜನ ಬಂದು ಕೈಯಲ್ಲಿ ಹಿಡಿದು ನೋಡಲಿ ಅಂತ ಒಂದು ಚಿಕ್ಕ ಮಳಿಗೆ ಹಿಡಿದಿದ್ದೇನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ತಿದ್ದುಪಡಿ ಬಂದಮೇಲೆ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇರಲಿ, ಸಂತೋಷವೇ. ಆದರೆ ಪದ ಎಲ್ಲಿದೆ?

ಮೂರು ಬೇಕು: ಪ್ರೀ-ಓನ್ಡ್ (ಬೇರೆಯವರು ಬಳಸಿದ್ದು), ಅಥೆಂಟಿಕೇಟೆಡ್ (ನಕಲಿ ಅಲ್ಲ ಅಂತ ಪರೀಕ್ಷೆ ಮಾಡಿದ್ದು), ಕನ್ಸೈನ್‌ಮೆಂಟ್ (ಮಾಲು ಬೇರೆಯವರದು, ಅವರ ಪರವಾಗಿ ಮಾರುವುದು ನಾನು). ಫೋನಿನ ಅನುವಾದ ಕೊಟ್ಟಿದ್ದು ‘ಪೂರ್ವ ಸ್ವಾಮ್ಯದ ಅಧಿಕೃತ ಐಷಾರಾಮಿ ರವಾನೆ’. ಓದಿದವರು ಪಾರ್ಸೆಲ್ ಆಫೀಸ್ ಅಂದುಕೊಳ್ಳುತ್ತಾರೆ. ‘ಹಳೇ’ ಅಂತ ಮಾತ್ರ ಬರೆಯಲು ಆಗುವುದಿಲ್ಲ. ಚಿಕ್ಕಪೇಟೆ ಕಡೆ ‘ಹಳೇ ಜರಿ ಸೀರೆ ಕೊಳ್ಳುತ್ತೇವೆ’ ಅನ್ನೋ ಬೋರ್ಡುಗಳಿವೆಯಲ್ಲ, ನನ್ನದನ್ನೂ ಅದೇ ಸಾಲಿಗೆ ಸೇರಿಸಿ, ಗ್ರಾಂಗೆ ಎಷ್ಟು ಅಂತ ಕೇಳುತ್ತಾರೆ.

ಮೈಸೂರಿನಿಂದ

ಸುಲಭ. ಇರ್ + ಮಾರಿಕೆ = ಇಮ್ಮಾರಿಕೆ. ಇಮ್ಮಡಿ ಇದ್ದಹಾಗೆ. ಎರಡನೆಯ ಸಲ ಮಾರುವುದು. ಅಚ್ಚಗನ್ನಡ, ಒಂದೇ ಪದ, ಬೋರ್ಡಿಗೂ ಚಿಕ್ಕದು. ಬ್ಯಾಗಿಗೆ ಚೀಲ ಅನ್ನಿ. ‘ಇಮ್ಮಾರಿಕೆಯ ಚೀಲಗಳು’. ಮುಗೀತು.

ಬಸವನಗುಡಿಯಿಂದ

ಮೈಸೂರಿನ ರಾಯರೇ, ನಮ್ಮ ಗಾಂಧಿ ಬಜಾರಿನಲ್ಲಿ ಮಾರು ಅಂದರೆ ಮಲ್ಲಿಗೆ ಅಳೆಯೋದು. ಇಮ್ಮಾರು ಅಂದರೆ ಎರಡು ಮಾರು ಹೂವು. ಮೂರು ಲಕ್ಷದ ಬ್ಯಾಗನ್ನು ‘ಚೀಲ’ ಅಂದರೆ ಒಳಗೆ ಸೋನಾ ಮಸೂರಿ ಇದೆಯಾ ಅಂತ ನೋಡುತ್ತಾರೆ. ಅಚ್ಚಗನ್ನಡವೇ ಬೇಕಿದ್ದರೆ ‘ಜಂಬದ ಚೀಲ’ ಇದೆಯಲ್ಲ, ಈ ಮಾಲಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲ್ಲ.

ಲಂಡನ್‌ನಿಂದ

ಇಲ್ಲಿ ಈಗ ಯಾರೂ ಪ್ರೀ-ಓನ್ಡ್ ಅನ್ನುವುದಿಲ್ಲ, ಎಲ್ಲ ಕಡೆ ಪ್ರೀ-ಲವ್ಡ್. 2022ರಲ್ಲಿ ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆ ಒಂದು ಜನಪ್ರಿಯ ರಿಯಾಲಿಟಿ ಶೋಗೆ ಬಳಸಿದ ಬಟ್ಟೆಗಳನ್ನೇ ಒದಗಿಸಿತು. ಆಮೇಲಂತೂ ಈ ಮಾತು ಹುಡುಗ ಹುಡುಗಿಯರ ಬಾಯಲ್ಲಿ ನಿಂತುಬಿಟ್ಟಿತು. ಕನ್ನಡದಲ್ಲಿ ‘ಪ್ರೀತಿಸಿ ಬಿಟ್ಟ ಬ್ಯಾಗ್’ ಅಂದರೆ ಯಾರೋ ಕೈಕೊಟ್ಟು ಹೋದಂತೆ ಕೇಳುತ್ತದೆ. ಅದು ಬೇಡ.

ಆದರೆ ಜಯನಗರದವರೇ, ನಿಮಗೆ ಬೋರ್ಡಿಗಿಂತ ಜಾಸ್ತಿ ತಲೆನೋವು ಕೊಡುವುದು ಮಾಲಿನ ಸ್ಥಿತಿಯ ಪದಗಳು. ಬಳಸಿದ ಡಿಸೈನರ್ ಮಾಲು ಮಾರುವ ಪ್ಯಾರಿಸ್‌ನ ತಾಣ ವೆಸ್ಟಿಯೇರ್ ಕಲೆಕ್ಟಿವ್‌ನಲ್ಲಿ ಐದು ದರ್ಜೆ ಇದೆ. ಟ್ಯಾಗ್ ಸಮೇತ ಹೊಸದು, ಟ್ಯಾಗ್ ಇಲ್ಲ ಆದರೆ ತೊಟ್ಟಿಲ್ಲ, ತುಂಬ ಚೆನ್ನಾಗಿದೆ, ಚೆನ್ನಾಗಿದೆ, ಕೊನೆಯದು ಫೇರ್. ಆ ಕೊನೆಯದಕ್ಕೆ ‘ಪರವಾಗಿಲ್ಲ’ ಅಂತ ಹಾಕಿಬಿಟ್ಟೀರಿ, ಜೋಕೆ! ನಮ್ಮ ಜನಕ್ಕೆ ‘ಪರವಾಗಿಲ್ಲ’ ಅಂದರೆ ಹೊಗಳಿಕೆ. ಅಡುಗೆ ಹೇಗಿದೆ ಅಂದರೆ ಪರವಾಗಿಲ್ಲ ಅನ್ನುತ್ತಾ ಮತ್ತೆ ಬಡಿಸಿಕೊಳ್ಳುತ್ತಾರೆ. ‘ಸುಮಾರಾಗಿದೆ’ ಸರಿ. ಅದನ್ನು ಓದಿ ಕೊಂಡವರು ಆಮೇಲೆ ವಾಪಸ್ ಮಾಡಲು ಬರುವುದಿಲ್ಲ.

ಹುಬ್ಬಳ್ಳಿಯಿಂದ

ಕನ್ಸೈನ್‌ಮೆಂಟಿಗೆ ಪದ ಇಲ್ಲ ಅಂತ ಯಾರು ಹೇಳಿದರು? ಅಡತ್. ನಮ್ಮ ಎಪಿಎಂಸಿಯಲ್ಲಿ ದಿನಾ ನಡೆಯುವ ವ್ಯವಹಾರವೇ ಇದು. ರೈತ ಮೆಣಸಿನಕಾಯಿ ತಂದು ಅಡತ್ ಅಂಗಡಿಯಲ್ಲಿ ಇಳಿಸುತ್ತಾನೆ. ಮಾಲು ಅವನದೇ. ಅಂಗಡಿಯವರು ಅವನ ಪರವಾಗಿ ಮಾರಿ ದುಡ್ಡು ಕೊಡುತ್ತಾರೆ, ಆ ಕೆಲಸಕ್ಕೆ ಕಮಿಷನ್ ಪಡೆಯುತ್ತಾರೆ. ಅಮೆರಿಕದಲ್ಲಿ 2011ರಲ್ಲಿ ಶುರುವಾದ ದಿ ರಿಯಲ್‌ರಿಯಲ್ ಅನ್ನುವ ಕಂಪನಿ ಮಾಡುವುದೂ ಇದನ್ನೇ, ಮೆಣಸಿನಕಾಯಿ ಬದಲು ಶನೆಲ್ ಬ್ಯಾಗ್ ಇಳಿಸಿಕೊಳ್ಳುತ್ತಾರೆ ಅಷ್ಟೇ. ‘ಡಿಸೈನರ್ ಬ್ಯಾಗ್ ಅಡತ್’ ಅಂತ ಬರೆಸ್ರಿ, ಉತ್ತರ ಕರ್ನಾಟಕದ ಗಿರಾಕಿ ಒಬ್ಬರೂ ಮುಂದೆ ಹೋಗೋದಿಲ್ಲ.

ಮೈಸೂರಿನಿಂದ

ಅಡತ್ ಕನ್ನಡ ಅಲ್ಲ. ಮರಾಠಿ, ಹಿಂದಿ ವ್ಯಾಪಾರಿಗಳ ಜೊತೆ ಬಂದದ್ದು.

ಹುಬ್ಬಳ್ಳಿಯಿಂದ

ಬಂದು ಎಷ್ಟು ತಲೆಮಾರಾಯಿತು ರಾಯರೇ? ನೀವು ಬಟ್ಟೆಗೆ ಹಾಕುವ ಇಸ್ತ್ರಿ ಪೋರ್ಚುಗೀಸರದು. ರಸೀದಿ, ಬಾಕಿ, ಜಮಾ, ಖರ್ಚು, ವಸೂಲಿ ಎಲ್ಲ ಪಾರಸಿ, ಅರಬ್ಬಿಯಿಂದ ಬಂದವು. ಇವನ್ನೆಲ್ಲ ತೆಗೆದು ಒಂದು ದಿನ ಅಂಗಡಿ ನಡೆಸಿ ತೋರಿಸಿ.

ಮೈಸೂರಿನಿಂದ

ಬೇರೂರಿದ್ದನ್ನು ಕಿತ್ತುಹಾಕಿ ಅಂತ ನಾನು ಹೇಳಿಲ್ಲ. ಹೊಸ ಪದ ಬೇಕಾದಾಗ ಮೊದಲು ಮನೆಯೊಳಗೆ ಹುಡುಕಿ ಅಂದೆ. ಅಥೆಂಟಿಕೇಟೆಡ್‌ಗೆ ‘ಒರೆಹಚ್ಚಿದ’ ಇದೆ. ಒರೆಗಲ್ಲಿಗೆ ತಿಕ್ಕಿ ಚಿನ್ನ ನೋಡುತ್ತಿದ್ದ ಕಾಲದ ಪದ, ಇವತ್ತಿಗೂ ‘ಒರೆಗೆ ಹಚ್ಚಿ ನೋಡು’ ಅನ್ನುತ್ತೇವೆ. ಇದಕ್ಕೇನು ಕೊರತೆ?

ಬಸವನಗುಡಿಯಿಂದ

ಕೊರತೆ ಇಷ್ಟೇ. ಬ್ಯಾಗನ್ನು ಒರೆ ಹಚ್ಚಿದರೆ ಗೀರು ಬೀಳುತ್ತದೆ, ಗೀರು ಬಿದ್ದರೆ ಬೆಲೆ ಬೀಳುತ್ತದೆ.

ಜಯನಗರದವರಿಗೆ ಒಂದು ಕೆಲಸಕ್ಕೆ ಬರುವ ಮಾತು. ‘ಸೆಕೆಂಡ್ಸ್’ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಬೆಂಗಳೂರಿನಲ್ಲಿ ಸೆಕೆಂಡ್ಸ್ ಅಂದರೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ತಪ್ಪಿ ಎಕ್ಸ್‌ಪೋರ್ಟಿಗೆ ಹೋಗದೆ ಉಳಿದ ಹೊಸ ಮಾಲು. ‘ಫಸ್ಟ್ ಕಾಪಿ’ ಅಂದರೆ ಚೆನ್ನಾಗಿ ಮಾಡಿದ ನಕಲಿ. ಎಣಿಕೆಯ ಪದ ಹತ್ತಿರ ಬಂದರೆ ಸಾಕು, ಗಿರಾಕಿ ಅನುಮಾನ ಪಡುತ್ತಾರೆ. ‘ಸೆಕೆಂಡ್ ಹ್ಯಾಂಡ್’ ಒಂದೇ ಬಚಾವ್. ಸ್ಕೂಟರಿಂದ ಪುಸ್ತಕದವರೆಗೆ ಎಲ್ಲದಕ್ಕೂ ನಾವು ಅದನ್ನೇ ಹೇಳುವುದು. ಅದು ಇಂಗ್ಲಿಷ್ ಅನ್ನೋದೇ ನಮ್ಮಜ್ಜಿಗೆ ಗೊತ್ತಿರಲಿಲ್ಲ.

ಮಲ್ಲೇಶ್ವರದಿಂದ

ಪದದ ಜಗಳ ನಿಮಗಿರಲಿ. ವಕೀಲನಾಗಿ ಒಂದೇ ಮಾತು: ‘ಅಧಿಕೃತ’ ಅಂತ ಬರೆಸಬೇಡಿ.

ಅಧಿಕೃತ ಮಾರಾಟಗಾರರು ಅಂದರೆ ಕಂಪನಿಯೇ ನೇಮಿಸಿದವರು. ನೀವು ಅಲ್ಲ. ನ್ಯೂಯಾರ್ಕಿನ ವಾಟ್ ಗೋಸ್ ಅರೌಂಡ್ ಕಮ್ಸ್ ಅರೌಂಡ್ ಕೂಡ ನಿಮ್ಮ ಹಾಗೆ ಬಳಸಿದ ಮಾಲು ಮಾರುವ ಕಂಪನಿ. 2018ರಲ್ಲಿ ಶನೆಲ್ ಅವರ ಮೇಲೆ ಕೇಸು ಹಾಕಿತು. ತಮ್ಮ ಜೊತೆ ಸಂಬಂಧ ಇದೆ ಅನ್ನುವ ಭಾವನೆ ಹುಟ್ಟಿಸಿದ್ದಾರೆ ಅನ್ನುವುದೂ ಆ ದೂರುಗಳಲ್ಲಿ ಒಂದು. 2024ರ ಫೆಬ್ರವರಿಯಲ್ಲಿ ಜ್ಯೂರಿ ಶನೆಲ್ ಪರ ನಿಂತು 40 ಲಕ್ಷ ಡಾಲರ್ ಪರಿಹಾರ ಹೇಳಿತು. ಇದೇ ಶನೆಲ್ 2018ರಲ್ಲೇ ಹುಬ್ಬಳ್ಳಿಯವರು ಹೇಳಿದ ರಿಯಲ್‌ರಿಯಲ್ ಮೇಲೂ ಕೋರ್ಟಿಗೆ ಹೋಗಿತ್ತು. ಬ್ರ್ಯಾಂಡುಗಳಿಗೆ ಈ ವ್ಯಾಪಾರ ಕಂಡರೆ ಅಷ್ಟಕ್ಕಷ್ಟೇ.

ಹಾಗಂತ ಹೆದರಬೇಡಿ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಸರಿಯಾಗಿ ಕೊಂಡ ಅಸಲಿ ಮಾಲನ್ನು ಮತ್ತೆ ಮಾರುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಮಾಲಿನ ಸ್ಥಿತಿ ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ ಬ್ರ್ಯಾಂಡಿನವರು ತಕರಾರು ಎತ್ತಬಹುದು. ಜಿಪ್ ಬದಲಾಯಿಸಿದ್ದರೆ, ಬಣ್ಣ ಹಾಕಿಸಿದ್ದರೆ ಅದನ್ನು ಬರೆದೇ ಮಾರಿ. ಬಿಲ್ಲಿನಲ್ಲಂತೂ ಕಾವ್ಯ ಬೇಡವೇ ಬೇಡ. ಜಿಎಸ್‌ಟಿ ನಿಯಮ 32(5) ‘ಸೆಕೆಂಡ್ ಹ್ಯಾಂಡ್ ಗೂಡ್ಸ್’ ಅಂತಲೇ ಹೇಳುತ್ತದೆ. ನೀವೇ ದುಡ್ಡು ಕೊಟ್ಟು ಕೊಂಡು, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ತೆಗೆದುಕೊಳ್ಳದೆ ಮಾರಿದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಬೇರೆಯವರ ಮಾಲನ್ನು ಇಟ್ಟುಕೊಂಡು ಮಾರಿದರೆ ಲೆಕ್ಕವೇ ಬೇರೆ. ಅದಕ್ಕೇ ಕೊಳ್ಳುವುದು, ಇಟ್ಟುಕೊಳ್ಳುವುದು ಎರಡಕ್ಕೂ ಒಂದೇ ಪದ ಬಳಸಬೇಡಿ.

ಉಡುಪಿಯಿಂದ

ಮಲ್ಲೇಶ್ವರದವರು ಹೇಳಿದ ಸ್ಥಿತಿಯ ವಿಷಯಕ್ಕೆ ಒಂದು ಮಾತು. ‘ಉಪಯೋಗಿಸಿದ’, ‘ಬಳಸಿದ’ ಅಂತ ಎಲ್ಲದಕ್ಕೂ ಹಚ್ಚುವುದು ಇಂಗ್ಲಿಷಿನ ಬಡತನ, ನಮ್ಮದಲ್ಲ. ನಮಗೆ ಸೀರೆ ಉಡುವುದು, ರವಿಕೆ ತೊಡುವುದು, ಶಾಲು ಹೊದೆಯುವುದು, ಚಪ್ಪಲಿ ಮೆಟ್ಟುವುದು, ರುಮಾಲು ಸುತ್ತುವುದು. ನಿಮ್ಮ ಆನ್‌ಲೈನ್ ಪುಟದಲ್ಲಿ ‘ಒಮ್ಮೆ ಉಟ್ಟ ಸೀರೆ’, ‘ಎರಡು ಸಲ ತೊಟ್ಟ ಗೌನು’ ಅಂತ ಬರೆದರೆ ಓದುವವರ ಕಣ್ಣಿಗೆ ಕಟ್ಟುತ್ತದೆ. ಬೋರ್ಡಿನಲ್ಲಿ ಮಾತ್ರ ‘ಉಟ್ಟ’ ಬೇಡ. ಬೇರೆಯವರು ಉಟ್ಟು ಬಿಟ್ಟದ್ದು ಅಂದಕೂಡಲೇ ಮಡಿ ಮೈಲಿಗೆ ನೆನಪಾಗುವ ಮನೆಗಳು ಇನ್ನೂ ಇವೆ. ಆ ಮನೆಯವರೇ ಹರಾಜಿನಲ್ಲಿ ಹಳೇ ಒಡವೆ ಕೊಳ್ಳುತ್ತಾರೆ, ಅದು ಬೇರೆ ಮಾತು.

ಇನ್ನು ಗುಜರಿ ಅನ್ನುವ ಪದವನ್ನು ಯಾರೂ ಎತ್ತಿಲ್ಲವಲ್ಲ? ಗುಜರಾತಿ ವ್ಯಾಪಾರಿಗಳಿಂದ ಬಂದದ್ದಲ್ಲವೇ ಅದು?

ಕಲಬುರಗಿಯಿಂದ

ಅಲ್ಲ. ನಾಡಿನ ಹೆಸರು ಹೋಲುತ್ತದೆ ಅಂತ ಪದ ಅಲ್ಲಿಂದ ಬರಲ್ಲ. ಪಾರಸಿಯ ‘ಗುಜರ್’, ಹಾದುಹೋಗುವುದು. ದಾರಿ ಬದಿಯಲ್ಲಿ, ಹೋಗುವವರು ಬರುವವರು ಕೊಳ್ಳಲಿ ಅಂತ ಹರಡುವ ಸಂತೆಗೆ ಉರ್ದುವಿನಲ್ಲಿ ಗುಜ್ರಿ. ಆಮೇಲೆ ಅಲ್ಲಿ ಮಾರುವ ಹಳೇ ಸಾಮಾನಿಗೇ ಆ ಹೆಸರು ಅಂಟಿತು.

ಉಡುಪಿಯಿಂದ

ಸರಿ, ಒಪ್ಪಿದೆ. ಆದರೆ ಶನೆಲ್‌ಗೆ ಗುಜರಿ ಅಂದರೆ ಜಯನಗರದವರು ನಮ್ಮ ಮೇಲೇ ಕೇಸು ಹಾಕುತ್ತಾರೆ.

ಮೈಸೂರಿನಿಂದ

ನೋಡಿ, ಒಂದು ಕೇಳಿದರೆ ಪಾರಸಿ, ಇನ್ನೊಂದು ಕೇಳಿದರೆ ಮರಾಠಿ, ಮತ್ತೊಂದಕ್ಕೆ ಇಂಗ್ಲಿಷ್. ಇಮ್ಮಾರಿಕೆ ಅಂದಿದ್ದಕ್ಕೆ ಹೂವಿನ ಲೆಕ್ಕ ಹೇಳಿ ನಕ್ಕಿರಿ. ಹೊಸ ಪದ ಮೊದಲ ದಿನ ಯಾರ ಕಿವಿಗೂ ಹಿತವಾಗಿರಲ್ಲ. ಬಳಸಿದರೆ ತಾನೇ ಬಳಕೆಗೆ ಬರುವುದು.

ಲಂಡನ್‌ನಿಂದ

ರಾಯರೇ, ನಿಮ್ಮ ತತ್ವ ಸರಿ, ಪ್ರಯೋಗಕ್ಕೆ ಇವರ ಅಂಗಡಿ ಯಾಕೆ? ಬಾಡಿಗೆ ಅವರು ಕಟ್ಟುತ್ತಾರೆ.

ಉಡುಪಿಯಿಂದ

ನೀವೆಲ್ಲ ನಾಮಪದದ ಹಿಂದೆ ಬಿದ್ದಿದ್ದೀರಿ. ಕನ್ಸೈನ್‌ಮೆಂಟಿಗೆ ಅಡತ್ ಬೇಕಿಲ್ಲ, ರವಾನೆಯಂತೂ ಬೇಡವೇ ಬೇಡ. ‘ಮಾರಿಕೊಡುತ್ತೇವೆ’ ಅನ್ನಿ. ಮಾರುತ್ತೇವೆ ಅಂದರೆ ನಮ್ಮದು. ಮಾರಿಕೊಡುತ್ತೇವೆ ಅಂದರೆ ನಿಮ್ಮದು, ನಿಮ್ಮ ಪರವಾಗಿ. ಬೀದಿಯಲ್ಲಿ ಹೋಗುವ ಯಾರಿಗಾದರೂ ಅರ್ಥವಾಗುತ್ತದೆ.

ಮೈಸೂರಿನಿಂದ

ಇದು ಒಪ್ಪುವ ಮಾತು. ಪೂರಾ ಕನ್ನಡ. ನಾನು ಮೊದಲಿನಿಂದ ಹೇಳುತ್ತಿದ್ದದ್ದೂ ಇದನ್ನೇ.

ಬಸವನಗುಡಿಯಿಂದ

ಎಲ್ಲಿ ಹೇಳಿದ್ರಿ ಸ್ವಾಮಿ?

ಜಯನಗರದಿಂದ

ಬೋರ್ಡಿಗೆ ಇದನ್ನು ಕೊಟ್ಟಿದ್ದೇನೆ. ಮೇಲೆ ದಪ್ಪ ಅಕ್ಷರದಲ್ಲಿ ‘ಅಸಲಿ ಡಿಸೈನರ್ ಬ್ಯಾಗು, ಬಟ್ಟೆ – ಸೆಕೆಂಡ್ ಹ್ಯಾಂಡ್’. ಕೆಳಗೆ ‘ಕೊಳ್ಳುತ್ತೇವೆ, ಮಾರುತ್ತೇವೆ, ಮಾರಿಕೊಡುತ್ತೇವೆ’. ಬರೆಯುವವರು ಮೂರನೆಯದನ್ನು ಓದಿ, ಅವರ ಮನೆಯಲ್ಲಿ ಒಂದು ಹಳೇ ಕ್ಯಾಮೆರಾ ಇದೆ, ಮಾರಿಕೊಡ್ತೀರಾ ಅಂತ ಕೇಳಿದರು. ಅರ್ಥವಾಗಿದೆ ಅಂತಾಯಿತು.

‘ಅಸಲಿ’ ಅರಬ್ಬಿ ಅಂತ ಮೈಸೂರಿನವರು ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಗೊತ್ತು. ನಕಲಿಗೆ ಎದುರು ನಿಲ್ಲಲು ಅದೇ ಬೇಕು. ‘ಒರೆಹಚ್ಚಿದ’ ಬಿಟ್ಟಿಲ್ಲ, ಒಳಗೆ ಪರೀಕ್ಷೆ ಮಾಡುವ ಮೇಜಿನ ಮೇಲೆ ‘ಒರೆಗಲ್ಲು’ ಅಂತ ಒಂದು ಫಲಕ ಇಡುತ್ತೇನೆ. ಹೊಲಿಗೆ, ಜಿಪ್ಪಿನ ಅಚ್ಚು, ಡೇಟ್ ಕೋಡ್ (ಎಲ್ಲಿ, ಯಾವಾಗ ತಯಾರಾಯಿತು ಅನ್ನುವ ಗುರುತು) ಎಲ್ಲ ನೋಡುವುದು ಅಲ್ಲೇ. 2021ರಿಂದ ಲೂಯಿ ವಿಟಾನ್ ಹೊಸ ಬ್ಯಾಗುಗಳಲ್ಲಿ ಡೇಟ್ ಕೋಡ್ ಬಿಟ್ಟು ಒಳಗೆ ಚಿಪ್ ಇಡುತ್ತಿದೆ. ಅದನ್ನು ಅವರ ಅಂಗಡಿಯವರು ಓದಬಲ್ಲರು, ನಾವಲ್ಲ. ಹಾಗಾಗಿ ಹೊಲಿಗೆ ನೋಡುವ ಕಣ್ಣೇ ಗತಿ.

ಒಂದೇ ಉಳಿದಿದೆ. ಮಾರಿಕೊಡಲು ಬ್ಯಾಗ್ ತಂದುಕೊಟ್ಟವರಿಗೆ ಕೊಡುವ ರಸೀದಿಯಲ್ಲಿ ಏನು ಬರೆಯಲಿ? ಮಾಲು ನಾವು ಕೊಂಡಿಲ್ಲ ಅನ್ನುವುದು ಸ್ಪಷ್ಟ ಇರಬೇಕು. ಪರೀಕ್ಷೆಯಲ್ಲಿ ನಕಲಿ ಅಂತ ಗೊತ್ತಾದರೆ ಅವರ ಮರ್ಯಾದೆಯೂ ಉಳಿಯಬೇಕು. ಎಷ್ಟೋ ಜನಕ್ಕೆ ತಮ್ಮದು ಫಸ್ಟ್ ಕಾಪಿ ಅಂತಲೇ ಗೊತ್ತಿರುವುದಿಲ್ಲ, ಯಾರೋ ಉಡುಗೊರೆ ಕೊಟ್ಟಿರುತ್ತಾರೆ.

ಹುಬ್ಬಳ್ಳಿಯಿಂದ

ಅಡತ್ ಪಟ್ಟಿಯ ಮಾದರಿಯಲ್ಲೇ ಬರೆದುಕೊಡುತ್ತೇನೆ, ಪದ ಬೇಡ ಅಂದಿರಿ, ಪದ್ಧತಿಯನ್ನಾದರೂ ತೊಗೊಳ್ರಿ:

‘ಕೆಳಗೆ ಬರೆದ ಮಾಲನ್ನು ಮಾರಿಕೊಡಲು ಪಡೆದಿದ್ದೇವೆ. ಮಾರಾಟ ಆಗುವವರೆಗೆ ಮಾಲು ಕೊಟ್ಟವರದೇ. ಮಾರಿದ ಬೆಲೆಯಲ್ಲಿ ನಮ್ಮ ಕಮಿಷನ್ ಶೇಕಡ ___ ಕಳೆದು ಉಳಿದ ಹಣವನ್ನು ___ ದಿನದೊಳಗೆ ಕೊಡುತ್ತೇವೆ. ನಮ್ಮ ತಪಾಸಣೆಯಲ್ಲಿ ತೃಪ್ತಿಯಾಗದ ಮಾಲನ್ನು ಕಾರಣ ಹೇಳದೆ ಹಿಂದಿರುಗಿಸಬಹುದು.’

ನಕಲಿ ಅನ್ನುವ ಪದ ಎಲ್ಲೂ ಬರಲ್ಲ. ಖಾಲಿ ಬಿಟ್ಟ ಜಾಗವನ್ನು ಮಲ್ಲೇಶ್ವರದವರಿಗೆ ತೋರಿಸಿ ತುಂಬ್ರಿ. ಮತ್ತೆ ‘ಕಮಿಷನ್’ಗೆ ಅಚ್ಚಗನ್ನಡ ಪದ ಹೇಳುವವರು ದಯವಿಟ್ಟು ಬೇರೆ ಓಲೆ ಶುರು ಮಾಡಿ. ಇವರು ಪ್ರಿಂಟಿಗೆ ಕೊಡಬೇಕು.