ಸಹಾಯ ಬೇಕು: ಕ್ಲಬ್‌ನ ವರ್ಷದ ಲೆಕ್ಕ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಲಯನ್ಸ್ ಕ್ಲಬ್‌ನ ಖಜಾಂಚಿ. ಇದು ನನ್ನ ಮೊದಲ ವರ್ಷ. ಜೂನ್ 30ಕ್ಕೆ ನಮ್ಮ ವರ್ಷ ಮುಗಿಯುತ್ತದೆ, ಜುಲೈ 1ರಿಂದ ಹೊಸ ತಂಡ. ಅಷ್ಟರಲ್ಲಿ ಲೆಕ್ಕ ಒಪ್ಪಿಸಬೇಕು.

ಕೆಲಸವೇನೋ ಚೆನ್ನಾಗಿಯೇ ಆಯಿತು. ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ, ಹಳೇ ಕನ್ನಡಕ ಸಂಗ್ರಹ. ಕನ್ನಡಕಗಳ ಡಬ್ಬ ಇನ್ನೂ ನನ್ನ ಮೇಜಿನ ಪಕ್ಕದಲ್ಲೇ ಇದೆ. ಒಂದರ ಕಡ್ಡಿ ಮುರಿದಿದೆ, ಯಾರೋ ಕಪ್ಪು ದಾರ ಸುತ್ತಿ ಸರಿ ಮಾಡಿ ಕೊಟ್ಟಿದ್ದಾರೆ. ಅದನ್ನು ಪಕ್ಕಕ್ಕೆ ಇಡಲು ಮನಸ್ಸೇ ಬರಲಿಲ್ಲ. ದೃಷ್ಟಿಯಿಲ್ಲದವರ ಪರ ನಿಲ್ಲಿ ಎಂದು 1925ರಲ್ಲಿ ಹೆಲೆನ್ ಕೆಲ್ಲರ್ (ಕಣ್ಣು, ಕಿವಿ ಎರಡೂ ಇಲ್ಲದ ಅಮೆರಿಕದ ಲೇಖಕಿ) ಲಯನ್ಸ್ ಸಮ್ಮೇಳನದಲ್ಲಿ ಕೇಳಿಕೊಂಡಿದ್ದರು. ಆ ಕೆಲಸ ಇವತ್ತಿಗೂ ನಡೆಯುತ್ತಿರುವುದು ದೊಡ್ಡ ವಿಷಯ ಅಲ್ವಾ?

ತೊಡಕು ಇರುವುದು ದುಡ್ಡಿನಲ್ಲಿ. ಜನರಿಂದ ಎತ್ತಿದ ಹಣ ಜನರ ಕೆಲಸಕ್ಕೇ ಹೋಗಬೇಕು. ಕ್ಲಬ್‌ನ ಖರ್ಚು ಸದಸ್ಯರ ಚಂದಾದಿಂದ ನಡೆಯಬೇಕು. ಅದಕ್ಕೇ ಎರಡು ಖಾತೆ: ಜನರ ಹಣಕ್ಕೆ ಸೇವಾ ಖಾತೆ, ಚಂದಾ ಹಣಕ್ಕೆ ಆಡಳಿತ ಖಾತೆ. ಹಣ ಎತ್ತಲು ನಡೆಸಿದ ಸಂಗೀತ ಸಂಜೆಯ ಟಿಕೆಟ್ ಹಣವನ್ನು ಸೇವಾ ಖಾತೆಗೆ ಹಾಕಿದೆವು. ಆದರೆ ಹಾಲ್ ಬಾಡಿಗೆ, ಮೈಕ್ ಸೆಟ್, ಟಿಕೆಟ್ ಮುದ್ರಣದ ದುಡ್ಡು ಆಡಳಿತ ಖಾತೆಯಿಂದ ಹೋಗಿದೆ. ಕಾರ್ಯಕ್ರಮದ ನೇರ ಖರ್ಚನ್ನು ಸಂಗ್ರಹದಿಂದ ಕಳೆಯಬಹುದು, ಅದು ಗೊತ್ತು. ಪುಸ್ತಕದಲ್ಲಿ ಹೇಗೆ ತೋರಿಸಲಿ? ಸುಮ್ನೆ ಉಳಿದ ಮೊತ್ತ ಬರೆದರೆ ಟಿಕೆಟ್ ಕೊಂಡವರಿಗೆ ಪೂರ್ತಿ ಲೆಕ್ಕ ಸಿಗುವುದಿಲ್ಲ ಎಂದು ನನಗನಿಸುತ್ತದೆ.

ಇನ್ನೊಂದು. ಸಂಗೀತ ಸಂಜೆಯ ದಿನ ಬೆಳಿಗ್ಗೆ ಅದೇ ಹಾಲ್‌ನಲ್ಲಿ ಸದಸ್ಯರ ಸಭೆಯೂ ನಡೆಯಿತು. ಬಾಡಿಗೆಯನ್ನು ಹೇಗೆ ಹಂಚಲಿ?

ಖಜಾಂಚಿ ಆಗಿದ್ದವರು ದಯವಿಟ್ಟು ಹೇಳಿ. ಹಳೆಯ ವರದಿಯ ಒಂದು ಪುಟ ಇದ್ದರೆ ಹೆಸರು, ಖಾತೆ ಸಂಖ್ಯೆ ಮರೆಮಾಡಿ ಇಲ್ಲಿ ಹಾಕಿ, ಸಾಕು.