ಪ್ರಶ್ನೋತ್ತರ: ಮೆಮೊರಿ ಮ್ಯಾಪ್‌ನಾಗ ಇಲ್ಲದ ಜಾಗ ಫ್ರೀ ಜಾಗ ಅಲ್ಲ

ಗದಗ: ಸರ್ರ, ಯುಇಎಫ್‌ಐ (ಮಶಿನ್ ಚಾಲೂ ಮಾಡೂ ಫರ್ಮ್‌ವೇರ್) ಕೊಡೂ ಮೆಮೊರಿ ಮ್ಯಾಪ್‌ನಾಗ ರಿಸರ್ವ್ಡ್ ಇದ್ದದ್ದು ಬಿಟ್ಟು ಉಳಿದದ್ದೆಲ್ಲಾ ಫ್ರೀ ಅಂತ ಹಿಡದು ಪೇಜ್ ಅಲೋಕೇಟರ್ (ಮೆಮೊರಿ ತುಂಡು ಮಾಡಿ ಹಂಚೂ ಕೋಡ್) ಬರದೀನಿ. ಕ್ಯೂಎಮು ಅನ್ನೂ ಸಾಫ್ಟ್‌ವೇರ್ ಮಶಿನ್‌ನಾಗ ಓಡತೈತಿ. ಲ್ಯಾಪ್‌ಟಾಪ್‌ನಾಗ ಒಂದು ಪೇಜಿಗೆ ಸೊನ್ನಿ ತುಂಬಿದ ಕೂಡ್ಲೆ ಎನ್‌ವಿಎಂಇ ಡಿಸ್ಕ್ ಉತ್ತರ ಕೊಡೂದ ಬಿಡತೈತಿ. ಆ ಪೇಜಿನ ವಿಳಾಸ ಮ್ಯಾಪ್‌ನಾಗ ಎಲ್ಲೂ ಇಲ್ರಿ.

ಫರ್ಮ್‌ವೇರ್ ಇಂಜಿನಿಯರ್: ಮೊದಲ ಆ ಲ್ಯಾಪ್‌ಟಾಪ್‌ನಾಗ ಓಡಸೂದು ನಿಲ್ಲಸ್ರಿ, ಡಿಸ್ಕಿಂದು ಬ್ಯಾಕಪ್ ತಗೀರಿ. ನೀವು ಸೊನ್ನಿ ತುಂಬಿದ್ದು ರ‍್ಯಾಮಿಗಲ್ಲ, ಎನ್‌ವಿಎಂಇ ಕಂಟ್ರೋಲರಿನ ರಿಜಿಸ್ಟರಿಗೆ. ಬಾರ್ ಅಂದ್ರ ಡಿವೈಸಿನ ಜಾಗ ಯಾವ ವಿಳಾಸದಾಗ ಐತಿ ಅಂತ ಹೇಳೂ ಪಿಸಿಐ ರಿಜಿಸ್ಟರ್. ಬಾರ್ 0 ತೋರ್ಸೂ ಜಾಗ ಶುರುವಾದಲ್ಲಿಂದ 20 ಬೈಟ್ ದಾಟಿದ್ರ ಕಾನ್ಫಿಗರೇಶನ್ ರಿಜಿಸ್ಟರ್, ಅದರ ಕಡೀ ಕೆಳಗಿನ ಬಿಟ್ ಎನೇಬಲ್. ಅದು 1 ಇದ್ದದ್ದು 0 ಆದ್ರ ಕಂಟ್ರೋಲರ್ ರೀಸೆಟ್, ಕ್ಯೂ ಎಲ್ಲಾ ಹೋದಂಗ.

ಮ್ಯಾಪ್ ಕೊಡೂದು ರ‍್ಯಾಮಿನ ಲೆಕ್ಕ. ಪಿಸಿಐ ಬಾರ್ ಅದರಾಗ ಬರಬೇಕಂತ ನಿಯಮ ಇಲ್ಲ. ಹಂಗಾಗಿ ನಿಮ್ಮ ಲೆಕ್ಕ ಉಲ್ಟಾ ಮಾಡ್ರಿ: ಟೈಪ್ 7, ಕನ್ವೆನ್ಶನಲ್ ಮೆಮೊರಿ, ಅಷ್ಟ ಫ್ರೀ. ಟೈಪ್ 11 ಎಂಎಂಐಒ (ಮೆಮೊರಿ ವಿಳಾಸದಾಗ ಕಾಣೂ ಡಿವೈಸ್ ಜಾಗ) ಅಂತ ಕಂಡ್ರ ಅದನ್ನ ಡಿವೈಸ್ ಪಟ್ಟಿ ಅಂತ ತಿಳೀಬ್ಯಾಡ್ರಿ. ಅದು ಫರ್ಮ್‌ವೇರಿನ ರನ್‌ಟೈಮ್ ಸರ್ವಿಸಿಗೆ (ಓಎಸ್ ಶುರುವಾದಮ್ಯಾಲೂ ಕರೀಬಹುದಾದ ಫರ್ಮ್‌ವೇರ್ ಕೋಡ್) ಬೇಕಾದ ಜಾಗ. ಡಿವೈಸ್ ಎಲ್ಲೆಲ್ಲಿ ಅದಾವ ಅನ್ನೂದು ಬಾರ್‌ನಿಂದ, ಎಸಿಪಿಐ ಟೇಬಲ್‌ನಿಂದ (ಫರ್ಮ್‌ವೇರ್ ಕೊಡೂ ಹಾರ್ಡ್‌ವೇರ್ ವಿವರ) ತಗೋರಿ. ಬಾರ್ ಅಳೀಬೇಕಂದ್ರ ಕಮಾಂಡ್ ರಿಜಿಸ್ಟರಿನ್ಯಾಗ ಮೆಮೊರಿ ಡಿಕೋಡ್ ಬಂದ್ ಮಾಡಿ, ಹಳೇ ವ್ಯಾಲ್ಯೂ ತಗದಿಟ್ಟು, ಎಲ್ಲಾ ಬಿಟ್ 1 ಬರದು ಓದ್ರಿ. ಕೆಳಗಿನ 4 ಬಿಟ್ ಸೊನ್ನಿ ಮಾಡಿ, ಎಲ್ಲಾ ತಿರುವಿ, 1 ಕೂಡಸಿದ್ರ ಸೈಜ್. ಆಮ್ಯಾಲೆ ಹಳೇದು ವಾಪಸ್ ಬರೀರಿ. ಎನ್‌ವಿಎಂಇದು 64 ಬಿಟ್ ಬಾರ್, ಎರಡು ಸ್ಲಾಟ್ ಕೂಡಿಸಿ ಅಳೀರಿ.

ಡಿವೈಸ್ ಜಾಗ ಅನ್‌ಕ್ಯಾಶಬಲ್ (ಕ್ಯಾಶಿನ್ಯಾಗ ಇಡದಂಗ) ಇರಲಿ. ಇಡೀ ಮೆಮೊರಿನ 1 ಜಿಬಿ ಪೇಜಿಲೆ ರೈಟ್-ಬ್ಯಾಕ್ (ಬರದದ್ದು ಮೊದಲ ಕ್ಯಾಶಿನ್ಯಾಗ ಉಳಿಯೂ ರೀತಿ) ಮ್ಯಾಪ್ ಮಾಡಿದ್ರ ಡಿವೈಸೂ ಅದರಾಗ ಸಿಕ್ಕೊಳ್ತಾವ. ಎಂಟಿಆರ್‌ಆರ್ (ಯಾವ ವಿಳಾಸಕ್ಕ ಯಾವ ಕ್ಯಾಶ್ ರೀತಿ ಅಂತ ಹೇಳೂ ಸಿಪಿಯು ರಿಜಿಸ್ಟರ್) ಸರಿ ಇದ್ರಷ್ಟ ಪಾರು. ಕ್ಯೂಎಮು ಕ್ಯಾಶ್ ಅನುಕರಿಸಂಗಿಲ್ಲ, ಅದಕ್ಕ ಈ ತಪ್ಪು ಅಲ್ಲಿ ಕಾಣಂಗಿಲ್ಲ.

ಹಾವೇರಿ: ‘ಫ್ರೇಮ್‌ಬಫರ್ ವಿಳಾಸ ಕೋಡಿನ್ಯಾಗ ಬರದುಬಿಡ್ರಿ, ಎಲ್ಲಾ ಮಶಿನಿಗೂ ನಡೀತೈತಿ’ ಅಂತ ಫಾರ್ವರ್ಡ್ ಬಂದೈತ್ರಿ (ಫ್ರೇಮ್‌ಬಫರ್ ಅಂದ್ರ ಪರದೆ ಮ್ಯಾಲಿನ ಚಿತ್ರ ಇರೂ ಮೆಮೊರಿ). ಖರೇ ಏನ್ರಿ?

ಇಂಜಿನಿಯರ್: ಸುಳ್ಳು. ಬ್ಯಾರೆ ಮಶಿನ್‌ನ್ಯಾಗ ಆ ವಿಳಾಸಕ್ಕ ಬ್ಯಾರೆ ಡಿವೈಸ್ ಇರಬಹುದು. ಎಕ್ಸಿಟ್ ಬೂಟ್ ಸರ್ವಿಸಸ್‌ಗಿಂತ (ಫರ್ಮ್‌ವೇರ್ ಮಶಿನ್ನ ಕರ್ನಲ್ಲಿಗೆ ಒಪ್ಪಸೂ ಕರೆ) ಮೊದಲ ಜಿಒಪಿಗೆ (ಯುಇಎಫ್‌ಐದ ಗ್ರಾಫಿಕ್ಸ್ ಸೌಲಭ್ಯ) ಆ ವಿಳಾಸ ಕೇಳ್ರಿ. ಇಂಥಾ ಫಾರ್ವರ್ಡ್ ಮುಂದ ಕಳಸಬ್ಯಾಡ್ರಿ.

ನವನಗರ: ನನ್ನ ಮ್ಯಾಪ್ ಎರಡನೇ ಎಂಟ್ರಿಯಿಂದ ಬರೇ ಕಸ ಐತ್ರಿ.

ಇಂಜಿನಿಯರ್: ಒಂದು ಎಂಟ್ರಿಯ ಸ್ಟ್ರಕ್ಟ್ 40 ಬೈಟ್, ಭಾಳ ಕಡೆ ಫರ್ಮ್‌ವೇರ್ ಹೇಳೂ ಡಿಸ್ಕ್ರಿಪ್ಟರ್ ಸೈಜ್ (ಒಂದು ಎಂಟ್ರಿಯಿಂದ ಮುಂದಿನದಕ್ಕ ಇರೂ ದೂರ) 48. ಫರ್ಮ್‌ವೇರ್ ಹೇಳಿದಷ್ಟ ಮುಂದ ಹೋಗ್ರಿ.

ರಾಣೆಬೆನ್ನೂರು: ಎಕ್ಸಿಟ್ ಆದಮ್ಯಾಲೆ ಬೂಟ್ ಸರ್ವಿಸಸ್ ಟೈಪ್ 3, 4 ಸುದ್ದಾ ಫ್ರೀ ಅಲ್ಲೇನ್ರಿ? ಟೈಪ್ 7 ಅಷ್ಟ ಅಂದ್ರ ಹ್ಯಾಂಗ?

ವಿದ್ಯಾನಗರ: ಫರ್ಮ್‌ವೇರ್ ಕೊಟ್ಟ ಸ್ಟ್ಯಾಕು, ಪೇಜ್ ಟೇಬಲ್ಲು ಅಲ್ಲೇ ಇರತಾವ. ಫ್ರೀ ಮಾಡಿ ನೋಡ್ರಿ.

ರಾಣೆಬೆನ್ನೂರು: ಸಿಆರ್3 (ಪೇಜ್ ಟೇಬಲ್ ಎಲ್ಲೈತಿ ಅಂತ ಹೇಳೂ ಸಿಪಿಯು ರಿಜಿಸ್ಟರ್), ಸ್ಟ್ಯಾಕ್ ಬದಲಿಸಿದಮ್ಯಾಲಿನ ಮಾತು ನಂದು.

ವಿದ್ಯಾನಗರ: ಹಂಗಂತ ಎಲ್ಲಿ ಬರದೀರಿ? ಲಿನಕ್ಸ್ ಸೆಟ್ ವರ್ಚುವಲ್ ಅಡ್ರೆಸ್ ಮ್ಯಾಪ್ (ರನ್‌ಟೈಮ್ ಸರ್ವಿಸಿಗೆ ಹೊಸ ವಿಳಾಸ ತಿಳಸೂ ಕರೆ) ಮುಗಿಯೂತನಕ ಆ ಜಾಗ ಬಿಡಂಗಿಲ್ಲ. ಕೆಲವು ಫರ್ಮ್‌ವೇರ್ ಆಗನೂ ಅದನ್ನ ಮುಟ್ಟತಾವ.

ರಾಣೆಬೆನ್ನೂರು: ನಮ್ಮ ಕರ್ನಲ್ ರನ್‌ಟೈಮ್ ಸರ್ವಿಸ್ ಕರೆಯಂಗೇ ಇಲ್ಲ. ಎಲ್ಲಾದಕ್ಕೂ ಲಿನಕ್ಸ್ ಯಾಕ ತರ್ತೀರಿ?

ಹಾವೇರಿ: ಆರ್ಮ್ ಬೋರ್ಡಿನ ಡಿವೈಸ್ ಟ್ರೀದಾಗೂ (ಬೋರ್ಡಿನ ಹಾರ್ಡ್‌ವೇರ್ ಪಟ್ಟಿ) ಹಿಂಗ ಏನ್ರಿ?

ನವನಗರ: ಸರ್ರ, ಎಂಟ್ರಿಗಳ ನಡುವಿನ ಗ್ಯಾಪ್ ಬಳಸಬಹುದಾ?

ಇಂಜಿನಿಯರ್: ಇಲ್ಲ. ಮೊದಲ ಉತ್ತರ ಓದ್ರಿ.

ಗದಗ: ಟೈಪ್ 7 ಅಷ್ಟ ಇಟ್ಟೆ. ಈಗ ಎಕ್ಸಿಟ್ ಬೂಟ್ ಸರ್ವಿಸಸ್ ‘ಇನ್‌ವ್ಯಾಲಿಡ್ ಪ್ಯಾರಾಮೀಟರ್’ ಅಂತೈತ್ರಿ.

ಇಂಜಿನಿಯರ್: ಮ್ಯಾಪ್ ತಗೊಂಡಮ್ಯಾಲೆ ಏನೋ ಅಲೋಕೇಟ್ ಆಗೇತಿ, ಮ್ಯಾಪ್ ಕೀ (ಮ್ಯಾಪ್ ಜೊತಿ ಬರೂ ಗುರುತಿನ ಸಂಖ್ಯೆ) ಹಳೇದಾತು. ಮತ್ತ ಮ್ಯಾಪ್ ತಗೊಂಡು ಕೂಡ್ಲೆ ಎಕ್ಸಿಟ್ ಕರೀರಿ. ನಡುವ ಪ್ರಿಂಟ್ ಸುದ್ದಾ ಬ್ಯಾಡ.