ಹಳೆಯ ಬಾಕ್ಸ್‌ಟರ್ ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಖರ್ಚು?

ಪ್ರಶ್ನೆ: 2001ರ ಪೋರ್ಶೆ ಬಾಕ್ಸ್‌ಟರ್ (986), 2.7 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್, 1,10,000 ಕಿ.ಮೀ. ಓಡಿದೆ. ಕೊಳ್ಳುವ ಯೋಚನೆ ಇದೆ. ದಿನಬಳಕೆಗೆ ಬೇರೆ ಕಾರಿದೆ, ಇದನ್ನು ವರ್ಷಕ್ಕೆ ಹೆಚ್ಚೆಂದರೆ 5,000 ಕಿ.ಮೀ. ಓಡಿಸುತ್ತೇನೆ. ಮೂರು ವರ್ಷದಿಂದ ಆಯಿಲ್ ಬಿಟ್ಟು ಬೇರೇನೂ ಖರ್ಚಾಗಿಲ್ಲ ಅಂತ ಮಾರುವವರು ಹೇಳ್ತಾರೆ. ಇಷ್ಟು ಕಮ್ಮಿ ಓಡಿಸಿದರೆ ಖರ್ಚೂ ಕಮ್ಮಿಯೇ ಅಲ್ವಾ? ವರ್ಷಕ್ಕೆ ಎಷ್ಟು ಎತ್ತಿಡಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಉತ್ತರ (ಮೆಕ್ಯಾನಿಕ್): ಮೂರು ವರ್ಷ ಖರ್ಚಾಗಿಲ್ಲ ಅಂದರೆ ಮೂರು ವರ್ಷದ ಬಿಲ್ಲು ಕಾರಿನೊಳಗೇ ಉಳಿದಿದೆ, ಅದನ್ನು ಕಟ್ಟುವವರು ನೀವು. ಮಾತು ಕೇಳಬೇಡಿ, ರಸೀದಿ ಕೇಳಿ.

ಕಮ್ಮಿ ಓಡಿಸಿದರೆ ಪೆಟ್ರೋಲ್, ಬ್ರೇಕ್ ಪ್ಯಾಡ್, ಹಿಂದಿನ ಟಯರ್, ಕ್ಲಚ್ ಇಷ್ಟರ ಖರ್ಚು ಇಳಿಯುತ್ತೆ. ಮಿಕ್ಕಿದ್ದೆಲ್ಲ ಕಿಲೋಮೀಟರ್ ನೋಡಲ್ಲ, ಕ್ಯಾಲೆಂಡರ್ ನೋಡುತ್ತೆ. ರಬ್ಬರ್ ಬುಷ್ ನಿಂತಲ್ಲೇ ಗಟ್ಟಿಯಾಗುತ್ತೆ, ಕೂಲೆಂಟ್ ಟ್ಯಾಂಕಿನ ಪ್ಲಾಸ್ಟಿಕ್ ಬಿಸಿ–ತಂಪು ಆಗಿ ಆಗಿ ಬಿರಿಯುತ್ತೆ, ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ನೀರು ಹೀರಿದ ಮೇಲೆ ಅದಕ್ಕೆ ಇರುವ ಕನಿಷ್ಠ ಮಿತಿ ಬರೀ 155. ಇಳಿಜಾರಲ್ಲಿ ಎರಡು ಸಲ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗಾಗೋದು ಇದರಿಂದಲೇ. ಕಾರು ಶೆಡ್ಡಿನಲ್ಲೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಲೆಕ್ಕದ ದಾರಿ ಇದು. ನಿಮ್ಮ ಗ್ಯಾರೇಜಿನಲ್ಲಿ ಐದು ಕೆಲಸಕ್ಕೆ ಲೇಬರ್ ಸೇರಿಸಿ ಕೊಟೇಶನ್ ಕೇಳಿ: ಆಯಿಲ್ ಸರ್ವೀಸ್, ನಾಲ್ಕು ಟಯರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಮತ್ತು ಪ್ಯಾಡ್, ವಾಟರ್ ಪಂಪ್–ಥರ್ಮೋಸ್ಟಾಟ್–ಕೂಲೆಂಟ್ ಒಟ್ಟಿಗೆ, ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್. ಆಯಿಲ್ ಸರ್ವೀಸ್ ಪೂರ್ತಿ ಹಿಡಿಯಿರಿ. ಟಯರ್ ಮೊತ್ತವನ್ನು 5ರಿಂದ, ಬ್ರೇಕಿನದನ್ನು 8ರಿಂದ, ವಾಟರ್ ಪಂಪಿನದನ್ನು 6ರಿಂದ, ಕ್ಲಚ್ಚಿನದನ್ನು 12ರಿಂದ ಭಾಗಿಸಿ. ಎಲ್ಲ ಕೂಡಿಸಿ, ಬಂದ ಮೊತ್ತದ ಅರ್ಧದಷ್ಟು ಮತ್ತೆ ಸೇರಿಸಿ. ಆ ಅರ್ಧ ಹೇಳದೆ ಕೇಳದೆ ಬರುವವಕ್ಕೆ: ಇಗ್ನಿಷನ್ ಕಾಯಿಲ್, ಕಿಟಕಿ ಏರಿಳಿಸುವ ರೆಗ್ಯುಲೇಟರ್, ಸಸ್ಪೆನ್ಷನ್ ಆರ್ಮ್, ಸೆನ್ಸರ್. ವಿಮೆ, ತೆರಿಗೆ, ಪೆಟ್ರೋಲ್ ಇದರ ಹೊರಗೆ. 100 ಕಿ.ಮೀ.ಗೆ 10–11 ಲೀಟರ್ ಕುಡಿಯುತ್ತೆ. 5,000 ಕಿ.ಮೀ.ಗೆ 500–550 ಲೀಟರ್, ಅದೂ ಹೆಚ್ಚಿನ ಆಕ್ಟೇನಿನದು.

ಮೊದಲ ವರ್ಷಕ್ಕೆ ಈ ಲೆಕ್ಕ ಅನ್ವಯಿಸಲ್ಲ. ರಸೀದಿ ಇಲ್ಲದ ಪ್ರತಿಯೊಂದು ಕೆಲಸವನ್ನೂ ಆ ವರ್ಷವೇ ಮಾಡಿಸಬೇಕು ಅಂದುಕೊಂಡೇ ಚೌಕಾಸಿ ಮಾಡಿ.

ಮರುಪ್ರಶ್ನೆ: ಆಯಿಲ್ ಸರ್ವೀಸ್ ಪ್ರತಿ ವರ್ಷ ಬೇಕೇ? 5,000 ಕಿ.ಮೀ.ಗೆ ಆಯಿಲ್ ಅಷ್ಟೊಂದು ಕೆಡುತ್ತಾ?

ಉತ್ತರ (ಮೆಕ್ಯಾನಿಕ್): ಬೇಕು. ಈ ಎಂಜಿನ್ ಒಂದು ಸಲಕ್ಕೆ 8 ಲೀಟರ್‌ಗಿಂತ ಹೆಚ್ಚು ಆಯಿಲ್ ತೆಗೆದುಕೊಳ್ಳುತ್ತೆ, ಸಾಧಾರಣ ಕಾರಿನ ಎರಡರಷ್ಟು. ಅದನ್ನು ನೋಡಿಯೇ ಅರ್ಧ ಜನ ಮುಂದಕ್ಕೆ ಹಾಕೋದು. ಚಿಕ್ಕ ಓಡಾಟದ ಕಾರಿನ ಆಯಿಲಿನಲ್ಲಿ ನೀರು, ಪೆಟ್ರೋಲ್ ಆವಿ ಸೇರುತ್ತೆ, ಆಚೆ ಹೋಗುವಷ್ಟು ಬಿಸಿಯಾಗಲ್ಲ. ಮೀಟರಿನ ಮುಳ್ಳು 80ಕ್ಕೆ ಬಂತು ಅಂದರೆ ಕೂಲೆಂಟ್ ಬಿಸಿಯಾಯ್ತು ಅಂತಷ್ಟೇ, ಆಯಿಲಿಗೆ ಇನ್ನೂ ಹೊತ್ತು ಬೇಕು. ಕಾರು ತೆಗೆದರೆ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ತೆಗೆಯಲೇಬೇಡಿ. ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡೋದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು ಮಾಡುತ್ತೆ.

ಪ್ರತಿ ಸರ್ವೀಸಿಗೂ ಹಳೆಯ ಫಿಲ್ಟರನ್ನು ಬಿಚ್ಚಿ, ಅದರ ಮಡಿಕೆಗಳನ್ನು ಬಿಡಿಸಿ ನೋಡಿ. ಕಪ್ಪು ಅಥವಾ ಕಂದು ಪ್ಲಾಸ್ಟಿಕ್ ಚೂರು ಸಿಕ್ಕರೆ ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಚೈನ್ ಗೈಡ್, ಟೆನ್ಷನರ್ ಪ್ಯಾಡ್ ಸವೆಯುತ್ತಿವೆ. ಲೋಹದ ಮಿಂಚು ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಬೇರಿಂಗಿನದ್ದಿರಬಹುದು. ಆಗ ಎಂಜಿನ್ ಸ್ಟಾರ್ಟ್ ಮಾಡದೆ ಕಾರನ್ನು ಎತ್ತಿಕೊಂಡು ಗ್ಯಾರೇಜಿಗೆ ಒಯ್ಯಿರಿ.

ಮರುಪ್ರಶ್ನೆ: ಆ ಐಎಂಎಸ್ ಬೇರಿಂಗ್ ಬಗ್ಗೆ ಎಲ್ಲರೂ ಹೆದರಿಸ್ತಾರೆ. ನಿಜಕ್ಕೂ ಅಷ್ಟು ದೊಡ್ಡದಾ?

ಉತ್ತರ (ಮೆಕ್ಯಾನಿಕ್): ಹಾಳಾದರೆ ಎಂಜಿನ್ನೇ ಹೋಗುತ್ತೆ, ಆದ್ದರಿಂದ ದೊಡ್ಡದೇ. ಆದರೆ ಎಲ್ಲ ಕಾರಿನಲ್ಲೂ ಆಗುವಂಥದ್ದಲ್ಲ. ಐಎಂಎಸ್ ಅಂದರೆ ಇಂಟರ್‌ಮೀಡಿಯೇಟ್ ಶಾಫ್ಟ್, ಕ್ರ್ಯಾಂಕಿನ ತಿರುಗನ್ನು ಚೈನ್ ಮೂಲಕ ಕ್ಯಾಮಿಗೆ ದಾಟಿಸುವ ದಂಡ. ಅದರ ಒಂದು ತುದಿಯನ್ನು ಹೊರುವುದು ಮುಚ್ಚಿದ ಬಾಲ್ ಬೇರಿಂಗ್. ಕಾಲಕ್ರಮೇಣ ಸೀಲ್ ಸೋತು ಒಳಗಿನ ಗ್ರೀಸನ್ನು ಎಂಜಿನ್ ಆಯಿಲ್ ತೊಳೆದುಹಾಕುತ್ತೆ, ಆದರೆ ಅದೇ ಸೀಲ್ ಹೊಸ ಆಯಿಲ್ ಧಾರಾಳವಾಗಿ ಒಳಬರಲು ಬಿಡಲ್ಲ. ನಿಂತೇ ಇರುವ ಕಾರಿಗೆ, ಆಯಿಲ್ ಬದಲಿಸದ ಕಾರಿಗೆ ಇದು ಹೆಚ್ಚು ಅಪಾಯ. ಹಳೆಯವಕ್ಕೆ ಎರಡು ಸಾಲಿನ ಗಟ್ಟಿ ಬೇರಿಂಗ್ ಇತ್ತು, ಆಮೇಲಿನವಕ್ಕೆ ಒಂದು ಸಾಲಿನದ್ದು ಬಂತು. ನಿಮ್ಮದು ಬದಲಾವಣೆಯ ಕಾಲದ ಕಾರು, ಯಾವುದಿದೆ ಅನ್ನೋದು ಗೇರ್‌ಬಾಕ್ಸ್ ಇಳಿಸಿದಾಗಲೇ ಗೊತ್ತಾಗೋದು.

ಬರೀ ಬೇರಿಂಗಿಗೆಂದು ಗೇರ್‌ಬಾಕ್ಸ್ ಇಳಿಸಿದರೆ ಲೇಬರ್ ದಂಡ. ಕ್ಲಚ್ ಜೊತೆಗೇ ಮಾಡಿಸಿ. ಗೇರ್‌ಬಾಕ್ಸ್ ಕೆಳಗಿದ್ದಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂಬದಿಯ ಕ್ರ್ಯಾಂಕ್ ಸೀಲ್, ಐಎಂಎಸ್ ಬೇರಿಂಗ್ ಎಲ್ಲ ಒಂದೇ ಸಲ. ಕ್ಯಾಮ್ ಲಾಕ್ ಮಾಡಿ, ಚೈನ್ ಟೆನ್ಷನರ್ ಬಿಚ್ಚಿದ ಮೇಲೇ ಹಳೆಯ ಬೇರಿಂಗ್ ಎಳೆಯಬೇಕು. ಈ ಹೆಜ್ಜೆ ತಪ್ಪಿದರೆ ಟೈಮಿಂಗ್ ಜಾರುತ್ತೆ. ಮಾಡುವವರಿಗೆ ಲಾಕ್ ಟೂಲ್ ಇದೆಯಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ. ಫಿಲ್ಟರಿನಲ್ಲಿ ಆಗಲೇ ಉಕ್ಕಿನ ಚೂರು ಬಂದಿದ್ದರೆ ಹೊಸ ಬೇರಿಂಗ್ ಹಾಕಿಸಿ ಪ್ರಯೋಜನವಿಲ್ಲ, ಚೂರು ಎಂಜಿನ್ ತುಂಬ ಹರಡಿರುತ್ತೆ.

ಗೇರ್‌ಬಾಕ್ಸ್ ಮತ್ತು ಎಂಜಿನ್ ಕೂಡುವ ಜಾಗದಲ್ಲಿ ಆಯಿಲ್ ಒಸರಿದ್ದು ಕಂಡರೆ ಗಾಬರಿ ಬೇಡ. ತೊಟ್ಟಿಕ್ಕದಿದ್ದರೆ ಕ್ಲಚ್ ಬರುವವರೆಗೆ ಕಾಯಬಹುದು.

ಇನ್ನೊಬ್ಬ ಸದಸ್ಯರು (ಟಯರ್, ಅಲೈನ್‌ಮೆಂಟ್ ಕೆಲಸದವರು): ಟಯರನ್ನು 5ರಿಂದ ಭಾಗಿಸಿದ್ದು ಸರಿ, ಒಂದು ಮಾತು ಸೇರಿಸ್ತೇನೆ. 17 ಇಂಚಿನ ಚಕ್ರವಿದ್ದರೆ ಮುಂದೆ 205/50, ಹಿಂದೆ 255/40. ಹಿಂದು ಮುಂದು ಬದಲಾಯಿಸಿ ಸವೆತ ಸಮ ಮಾಡೋಕೆ ಆಗಲ್ಲ. ಹಿಂದಿನವು 20,000–25,000 ಕಿ.ಮೀ.ಗೆ ಸವೆದು ಮುಗಿಯುತ್ತವೆ. ಮುಂದಿನವು ನಿಮ್ಮ ಓಡಾಟಕ್ಕೆ ಸವೆಯೋದೇ ಇಲ್ಲ, ಆದರೆ ಆರು ವರ್ಷ ದಾಟಿದರೆ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತೆ. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಿಂದಿನ ಟಯರಿನ ಒಳ ಅಂಚನ್ನು ಕೈಯಿಂದ ಸವರಿ ನೋಡೋದು ಮರೆಯಬೇಡಿ. ಹೊರಗಿಂದ ಹೊಸದರಂತೆ ಕಂಡು ಒಳಗೆ ದಾರ ಕಾಣುವಷ್ಟು ಸವೆದಿರೋದು ಈ ಕಾರಿನಲ್ಲಿ ಮಾಮೂಲು, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ) ಹಾಗಿದೆ. ಬುಷ್ ಸಡಿಲವಿದ್ದಾಗ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಮೊದಲು ಬುಷ್, ಆಮೇಲೆ ಅಲೈನ್‌ಮೆಂಟ್.

ಮರುಪ್ರಶ್ನೆ: ಇದರಲ್ಲಿ ನಾನೇ ಮಾಡಿಕೊಂಡು ಉಳಿಸಬಹುದಾದದ್ದು ಏನಾದರೂ ಇದೆಯಾ?

ಉತ್ತರ (ಮೆಕ್ಯಾನಿಕ್): ಇದೆ, ಅದೂ ದೊಡ್ಡ ಬಿಲ್ ತಪ್ಪಿಸುವಂಥದ್ದೇ.

ಮೊದಲನೆಯದು ನೀರಿನ ದಾರಿ. ಬಟ್ಟೆಯ ಛಾವಣಿಯ ನೀರು ಹೊರಹೋಗುವ ತೂತುಗಳು ಎರಡೂ ಬದಿಯಲ್ಲಿ, ಹಿಂದಿನ ಚಕ್ರದ ಮುಂಭಾಗದಲ್ಲಿವೆ. ಛಾವಣಿಯನ್ನು ಅರ್ಧ ತೆರೆದು ನಿಲ್ಲಿಸಿದರೆ ಕಾಣುತ್ತವೆ. ಎಲೆ, ಕಸ ಕಟ್ಟಿದರೆ ನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತೆ. ಸೀಟಿನ ಕೆಳಗೇ ಅಲಾರಂ–ಇಮೊಬಿಲೈಸರ್ ಪೆಟ್ಟಿಗೆ ಇದೆ. ಅದು ನೆನೆದರೆ ಕಾರು ಸ್ಟಾರ್ಟ್ ಆಗಲ್ಲ, ಹೊಸದು ಹಾಕಿದರೆ ಕೀಲಿಗಳನ್ನೂ ಮತ್ತೆ ಕೋಡ್ ಮಾಡಿಸಬೇಕು. ವರ್ಷಕ್ಕೆ ಎರಡು ಸಲ ನೈಲಾನ್ ದಾರ ಇಳಿಬಿಟ್ಟು ಬಿಡಿಸಿ, ಒಂದು ಲೋಟ ನೀರು ಸುರಿದು ಕೆಳಗೆ ಬರುತ್ತಾ ನೋಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗಿನ ಪೈಪ್ ಕಳಚಿಕೊಂಡೀತು.

ಮುಂದಿನ ಎರಡು ರೇಡಿಯೇಟರ್ ಬಂಪರಿನ ಎರಡು ಬದಿಯ ಬಾಯಲ್ಲಿ ಕೂತಿವೆ. ಒಣಗಿದ ಎಲೆ ಅಲ್ಲಿ ಸೇರಿ, ನೆನೆದು, ಎಸಿ ಕಂಡೆನ್ಸರ್ ತಿಂದುಹಾಕುತ್ತೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಸ್ವಚ್ಛ ಮಾಡಿ.

ಬ್ಯಾಟರಿಗೆ ಚಿಕ್ಕ ಮೇಂಟೇನರ್ ಚಾರ್ಜರ್ ಹಾಕಿಡಿ. ನಿಂತ ಕಾರು 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್ ಅವರ್ ಖಾಲಿ. 70ರ ಬ್ಯಾಟರಿ ಅರ್ಧ ಮುಗಿಯಿತು. ಹೀಗೆ ನಾಲ್ಕಾರು ಸಲ ಆದರೆ ಬ್ಯಾಟರಿ ಗುಜರಿಗೆ.

ಮಿಸ್‌ಫೈರ್ ಆಗಿ P0303 ಅಂತ ಕೋಡ್ ಬಂದರೆ ಆರೂ ಕಾಯಿಲ್ ಕೊಳ್ಳಲು ಓಡಬೇಡಿ. ಮೂರನೇ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. P0301 ಬಂದರೆ ಕಾಯಿಲೇ ಕಳ್ಳ.

ವಾಟರ್ ಪಂಪ್ ಮಾತ್ರ ಮನೆಯಲ್ಲಿ ಬೇಡ ಅನ್ನುತ್ತೇನೆ. ಬೋಲ್ಟ್ ಬಿಚ್ಚೋದು ಕಷ್ಟವಲ್ಲ. ಕೂಲೆಂಟ್ ತುಂಬುವಾಗ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತೆ, ವ್ಯಾಕ್ಯೂಮ್ ಹಾಕಿ ತುಂಬುವ ಟೂಲ್ ಇರುವಲ್ಲೇ ಮಾಡಿಸಿ. ಪಂಪಿನ ಪ್ಲಾಸ್ಟಿಕ್ ರೆಕ್ಕೆ ಮುರಿದರೆ ಚೂರು ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಹಾಳಾಗುವವರೆಗೆ ಕಾಯದೆ ಆರು ವರ್ಷಕ್ಕೆ ತೆಗೆಸೋದು.

ಮತ್ತೊಬ್ಬರ ಪ್ರಶ್ನೆ: ಇದೆಲ್ಲ ಕೇಳಿದರೆ ಬಿಳಿಯಾನೆ ಸಾಕಿದಂತಿದೆ. ಅದೇ ಕಾಲದ ಮಾಜ್ದಾ ಎಂಎಕ್ಸ್–5 ಅಗ್ಗವಾಗುತ್ತಾ?

ಉತ್ತರ (ಮೆಕ್ಯಾನಿಕ್): ಓಡಿಸುವ ಖರ್ಚಿಗೆ ಖಂಡಿತ. ಆಯಿಲ್ 4 ಲೀಟರ್ ಕೂಡ ಬೇಡ, ನಾಲ್ಕೇ ಪ್ಲಗ್, ನಾಲ್ಕೂ ಟಯರ್ ಒಂದೇ ಅಳತೆ, ಎಂಜಿನ್ ಮುಂದಿದೆ, ಕೈ ಹೋಗುತ್ತೆ. ಟೈಮಿಂಗ್ ಬೆಲ್ಟ್ 1,00,000 ಕಿ.ಮೀ.ಗೊಮ್ಮೆ, ಕಮ್ಮಿ ಓಡಿದರೂ ವರ್ಷ ನೋಡಿ ಬದಲಿಸಬೇಕು. ಅದರ ಶತ್ರು ತುಕ್ಕು. ಛಾವಣಿಯ ನೀರಿನ ತೂತು ಅದರಲ್ಲೂ ಕಟ್ಟುತ್ತೆ, ನೀರು ಬಾಗಿಲ ಕೆಳಗಿನ ಸಿಲ್ಲಿನೊಳಗೆ ಇಳಿದು ಒಳಗಿಂದ ತಿನ್ನುತ್ತೆ. ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡೇ ಇರಲ್ಲ. ಒಂದು ಸಿಲ್ ಕತ್ತರಿಸಿ ವೆಲ್ಡ್ ಮಾಡಿಸಿ ಬಣ್ಣ ಹೊಡೆಸಿದರೆ ಹಲವು ವರ್ಷದ ಸರ್ವೀಸಿನ ಉಳಿತಾಯ ಅಲ್ಲೇ ಹೋಗುತ್ತೆ. ಹಿಂದಿನ ಚಕ್ರದ ಮುಂದೆ ಸಿಲ್ಲಿನ ತುದಿಯನ್ನು ಬೆರಳಲ್ಲಿ ತಟ್ಟಿ, ಸದ್ದು ಮಂದವಾಗಿ ಬಂದರೆ ಒಳಗೆ ಪುಟ್ಟಿ ತುಂಬಿದ್ದಾರೆ.

ಮೂಲ ಪ್ರಶ್ನೆ ಕೇಳಿದವರು: ಸರಿ ಸರ್, ಶನಿವಾರ ಕಾರು ನೋಡೋಕೆ ಹೋಗ್ತಿದ್ದೇನೆ. ಅಲ್ಲೇ ಏನು ನೋಡಲಿ?

ಉತ್ತರ (ಮೆಕ್ಯಾನಿಕ್): ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಒಂದು ಗಳಿಗೆ ಹೊಗೆ ಬಂದು ನಿಂತರೆ ಪರವಾಗಿಲ್ಲ, ಮಲಗಿದ ಸಿಲಿಂಡರಿನ ಎಂಜಿನ್ನಿಗೆ ಅದು ಸಹಜ. ಬಿಳಿ ಹೊಗೆ ಮೋಡದಂತೆ ನಿಲ್ಲದೆ ಬಂದರೆ ಆಯಿಲ್ ಸೆಪರೇಟರ್ (ಎಂಜಿನ್ನಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಹೋಗಿದೆ. ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆಯಲು ನೋಡಿ, ಹೀರಿ ಹಿಡಿದಂತೆ ಬಿಗಿಯಾಗಿದ್ದರೂ ಅದೇ ಕಾಯಿಲೆ. ಹಿಂದಿನ ಡಿಕ್ಕಿಯಲ್ಲಿ ಕೂಲೆಂಟ್ ಟ್ಯಾಂಕ್ ಪಕ್ಕದ ಕಾರ್ಪೆಟ್ ಎತ್ತಿ, ಒದ್ದೆ ಇದ್ದರೆ ಟ್ಯಾಂಕ್ ಬಿರಿದಿದೆ. ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಈ ವರ್ಷದ ಮಾಡೆಲ್ಲಿಗೆ ಹಿಂದಿನ ಕಿಟಕಿ ಪ್ಲಾಸ್ಟಿಕ್, ಮಡಿಕೆಯ ಗೆರೆಯಲ್ಲಿ ಬಿರುಕು ಇದೆಯೇ ನೋಡಿ. ಕ್ಲಚ್ ಪೆಡಲ್ ಗಡುಸಾಗಿದ್ದರೆ ಕ್ಲಚ್ ಮುಗಿಯುವ ಹಂತದಲ್ಲಿದೆ, ಆ ಕೊಟೇಶನ್ ಜೇಬಿನಲ್ಲಿರಲಿ. ಆಯಿಲ್ ಫಿಲ್ಟರ್ ಬಿಚ್ಚಿ ನೋಡಲು ಮಾರುವವರು ಒಪ್ಪದಿದ್ದರೆ, ಬೇರೆ ಕಾರು ನೋಡಿ.